ಜ್ವರವಿಲ್ಲದೆ ಬಂದ ಬೆನ್ನುಹುರಿಯ ಸೋಂಕು

ಕಿಡ್ನಿ ಕಸಿ ಮಾಡಿಸಿಕೊಂಡಿದ್ದ ರೋಗಿ ಬೆಳಗ್ಗೆ ವಾರ್ಡಿಗೆ ಬಂದು ಹೇಳಿದ್ದು ಇಷ್ಟೇ: "ಹೊಟ್ಟೆ ಸುತ್ತ ಬೆಲ್ಟ್ ಬಿಗಿದ ಹಾಗಿದೆ ಡಾಕ್ಟ್ರೇ, ಕಾಲು ಎತ್ತಿಡೋಕೇ ಆಗ್ತಿಲ್ಲ." ಜ್ವರ ಇಲ್ಲ, ರಕ್ತದಲ್ಲಿ ಬಿಳಿಕಣ ಏರಿಲ್ಲ. ಇಂಥವರಲ್ಲಿ ಇದನ್ನು ನಂಬಿ ಕೂರುವಂತಿಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಮೂರೂ ನಡೆಯುತ್ತಿರುವಾಗ ಒಳಗೆ ಸೋಂಕಿದ್ದರೂ ಮೈ ಬಿಸಿಯಾಗದೇ ಇರಬಹುದು.

ಪಿನ್ನಿನಿಂದ ತೊಡೆಯಿಂದ ಮೇಲಕ್ಕೆ ಮೆಲ್ಲಗೆ ಚುಚ್ಚುತ್ತ ಬಂದಾಗ ಹೊಕ್ಕುಳ ದಾಟಿದ ಮೇಲೆ "ಹಾಂ, ಈಗ ಚುರುಕ್ ಅಂತು" ಎಂದರು. ಅಲ್ಲೇ ಪೆನ್ನಿನಿಂದ ಗೆರೆ. ಸಂಜೆಗೆ ಮರಗಟ್ಟಿದ ಮಟ್ಟ ಗೆರೆ ದಾಟಿ ಮೇಲೇರಿದ್ದರೆ ರೋಗ ಓಡುತ್ತಿದೆ ಎಂದರ್ಥ. ಹೊಕ್ಕುಳೆಂದರೆ ಎದೆಭಾಗದ ಹತ್ತನೇ ನರ; ಹುರಿ ಕೆಟ್ಟಿರುವುದು ಅಲ್ಲಿ ಅಥವಾ ಇನ್ನೂ ಮೇಲೆ. ಕಾಲು ಸೋತಿದೆಯೆಂದು ಸೊಂಟದ ಎಂಆರ್‌ಐ ಮಾತ್ರ ಬರೆದುಕೊಟ್ಟರೆ ರೋಗ ಚಿತ್ರದ ಆಚೆಗೇ ಉಳಿಯುತ್ತದೆ. ಮೂತ್ರಕ್ಕೆ ಹೋಗಿ ಬಂದ ಮೇಲೂ ಮೂತ್ರಚೀಲದಲ್ಲಿ 400 ಮಿಲಿ ಉಳಿದಿತ್ತು. ಕೂಡಲೇ ಮೂತ್ರ ಇಳಿಸುವ ನಳಿಕೆ (ಕ್ಯಾತಿಟರ್) ಹಾಕಿದ್ದಾಯಿತು.

ಇಡೀ ಬೆನ್ನಿನ ಎಂಆರ್‌ಐ, ಚಿತ್ರ ಸ್ಪಷ್ಟವಾಗಲು ಚುಚ್ಚುವ ಗ್ಯಾಡೊಲಿನಿಯಂ ಸಮೇತ. ಅದರಲ್ಲಿ ಮೊದಲು ಹುಡುಕಬೇಕಾದದ್ದು ಹುರಿಯ ಹೊರಪೊರೆಯಾಚೆ ಕಟ್ಟಿದ ಕೀವು. ಇದ್ದರೆ ಸರ್ಜನ್ ಬರಬೇಕು. ಮುಂದೆ ಹುರಿಯ ಸುತ್ತಲಿನ ದ್ರವ ತೆಗೆಯಲು ಸೂಜಿ ಹಾಕುವ ಜಾಗದಲ್ಲೇ ಕೀವಿದ್ದರೆ ಆ ಸೂಜಿಯೇ ಅದನ್ನು ಒಳದ್ರವಕ್ಕೆ ಒಯ್ಯುತ್ತದೆ. ಇವರಲ್ಲಿ ಕೀವಿರಲಿಲ್ಲ, ಊತ ಹುರಿಯೊಳಗೇ ಇತ್ತು.

ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಸರಿಯಿದೆಯೆಂದು ನೋಡಿಕೊಂಡು ಸೊಂಟದ ಮೂರು-ನಾಲ್ಕನೇ ಮೂಳೆಗಳ ನಡುವೆ ಸೂಜಿ. ಹುರಿ ಒಂದು-ಎರಡನೇ ಮೂಳೆಯ ಮಟ್ಟದಲ್ಲೇ ಮುಗಿಯುವುದರಿಂದ ಅಲ್ಲಿ ಅದಕ್ಕೆ ತಗಲುವ ಭಯವಿಲ್ಲ. ಜಿಪುಣತನ ಮಾಡಿ 3 ಮಿಲಿ ತೆಗೆದರೆ ಕ್ಷಯ, ಶಿಲೀಂಧ್ರಗಳನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಏನೂ ಉಳಿಯುವುದಿಲ್ಲ. 15 ಮಿಲಿ ತೆಗೆದರೂ ದೇಹ ಗಂಟೆಗೆ ಸುಮಾರು 20 ಮಿಲಿ ಹೊಸದಾಗಿ ಮಾಡಿಕೊಳ್ಳುತ್ತದೆ. ಅದೇ ಹೊತ್ತಿಗೆ ರಕ್ತದ ಸಕ್ಕರೆಯನ್ನೂ ನೋಡಬೇಕು, ಇಲ್ಲದಿದ್ದರೆ ದ್ರವದ ಸಕ್ಕರೆ ಕಡಿಮೆಯೋ ಅಲ್ಲವೋ ಹೇಳಲಾಗದು. ಟ್ಯೂಬುಗಳು ಟ್ರೇಯಲ್ಲಿ ಕೂರದೆ ನೇರ ಲ್ಯಾಬಿಗೆ ಹೋಗಬೇಕು. ತಡವಾದರೆ ಕಣಗಳು ಒಡೆದು ಲೆಕ್ಕ ತಪ್ಪುತ್ತದೆ.

ಸುಳಿವು ಸಿಕ್ಕಿದ್ದು ರೋಗಿಯನ್ನು ಮಗ್ಗುಲಾಗಿ ಮಲಗಿಸಿದಾಗ. ಬೆನ್ನಿನ ಎಡಕ್ಕಷ್ಟೇ, ಪಕ್ಕೆಲುಬಿನ ಜಾಡು ಹಿಡಿದು ಒಣಗಿದ ಹಕ್ಕಳೆಗಳ ಸಾಲು. ಸರ್ಪಸುತ್ತು. ಎಲ್ಲರಲ್ಲೂ ಹೀಗೆ ಗುರುತು ಬಿಟ್ಟು ಹೋಗುವುದಿಲ್ಲ, ಬೊಬ್ಬೆಯೇ ಏಳದೆಯೂ ಈ ವೈರಸ್ ಹುರಿಗೆ ಇಳಿಯುತ್ತದೆ. ದಿನ ಕಳೆದಂತೆ ವೈರಸ್ಸಿನ ಡಿಎನ್ಎ ಹುಡುಕುವ ಪಿಸಿಆರ್ ನೆಗೆಟಿವ್ ಬರಬಹುದು. ಹಾಗಾಗಿ ದ್ರವದಲ್ಲಿ ಅದರ ಆಂಟಿಬಾಡಿಯನ್ನೂ ಕೇಳಬೇಕು. ಎಚ್‌ಐವಿಯಿಂದ ಸಿಡಿ4 (ರೋಗ ತಡೆಯುವ ಬಿಳಿಕಣಗಳ ಎಣಿಕೆ) 50ಕ್ಕಿಂತ ಕೆಳಗಿಳಿದವರಲ್ಲಾದರೆ ಮೊದಲ ಅನುಮಾನ ಸೈಟೊಮೆಗಾಲೊ ವೈರಸ್ ಮೇಲೆ. ಅದರಲ್ಲಿ ದ್ರವದಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳೇ ಹೆಚ್ಚಿರುವುದುಂಟು, ಬ್ಯಾಕ್ಟೀರಿಯಾ ಎಂದುಕೊಂಡು ದಾರಿ ತಪ್ಪುವುದು ಅಲ್ಲೇ.

ರಿಪೋರ್ಟಿಗೆ ಕಾಯದೆ ಸರ್ಪಸುತ್ತಿನ ವೈರಸ್ಸಿಗೆ ಕೊಡುವ ಎಸೈಕ್ಲೊವಿರ್ ಶುರುವಾಯಿತು: ಕೆಜಿಗೆ 10 ಮಿಗ್ರಾಂ, ರಕ್ತನಾಳದ ಮೂಲಕ. ಕಿಡ್ನಿ ಚೆನ್ನಾಗಿದ್ದರೆ 8 ಗಂಟೆಗೊಮ್ಮೆ, ಇಲ್ಲದಿದ್ದರೆ ಅಂತರ ಹೆಚ್ಚಿಸಬೇಕು. ಸಲೈನ್ ಜೊತೆ ಒಂದು ಗಂಟೆಯುದ್ದಕ್ಕೂ ನಿಧಾನ ಹರಿಸಬೇಕು. ಅವಸರಪಟ್ಟರೆ ಔಷಧ ಹರಳುಗಟ್ಟಿ ಕಸಿಯ ಕಿಡ್ನಿಯೇ ಕಟ್ಟಿಕೊಳ್ಳುತ್ತದೆ. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಅನ್ನು ದಿನವೂ ನೋಡುವುದು ಅದಕ್ಕೇ.

ಊತ ಕಂಡೊಡನೆ, ರೋಗನಿರೋಧಕ ಶಕ್ತಿಯನ್ನು ಇನ್ನೂ ತಗ್ಗಿಸುವ ಸ್ಟಿರಾಯ್ಡನ್ನು 1 ಗ್ರಾಂ ಕೊಡುವ ಆತುರಕ್ಕೆ ಇಲ್ಲಿ ಕಡಿವಾಣ ಬೇಕು. ಹಾಗೆಂದು ರೋಗಿ ದಿನವೂ ತೆಗೆದುಕೊಳ್ಳುವ ಸ್ಟಿರಾಯ್ಡ್ ಆದ ಪ್ರೆಡ್ನಿಸೊಲೋನ್ ನಿಲ್ಲಿಸಿದರೆ ಬಿಪಿ ಕುಸಿದೀತು. ಮೈಕೊಫಿನೊಲೇಟ್ ಎಷ್ಟು ತಗ್ಗಿಸುವುದೆಂದು ಕಸಿ ವೈದ್ಯರನ್ನು ಆ ರಾತ್ರಿಯೇ ಕೇಳಬೇಕು.