ಪಾರ್ಕಿನ್ಸನ್ ಇರುವವರ ಕಾಲಿನ ಬಲ

ಮಡಿಕೇರಿ ಸುತ್ತಮುತ್ತ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಪಾರ್ಕಿನ್ಸನ್ ಇರುವವರ ಮನೆಯಲ್ಲಿ ಎಲ್ಲರೂ ಮೊದಲು ತೋರಿಸುವುದು ನಡುಗುವ ಕೈಯನ್ನು. ನಾನು ಮೊದಲು ನೋಡುವುದು ಅವರು ಕುರ್ಚಿಯಿಂದ ಹೇಗೆ ಏಳುತ್ತಾರೆ ಅಂತ. ಕೈ ನಡುಗಿದರೂ ಹೇಗೋ ಕಾಫಿ ಕುಡಿಯಬಹುದು. ತಾವಾಗಿ ಏಳಲು ಆಗದಿದ್ದರೆ ಬಚ್ಚಲಿಗೆ ಹೋಗಲೂ ಇನ್ನೊಬ್ಬರು ಬೇಕು, ಅಲ್ವಾ?

ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಚಲನೆಗೆ ನೆರವಾಗುವ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದಾಗ ಮೈ ಬಿಗಿಯಾಗುತ್ತದೆ, ಚಲನೆ ನಿಧಾನವಾಗುತ್ತದೆ. ಓಡಾಟ ತಗ್ಗಿದ ಮೇಲೆ ತೊಡೆ, ಸೊಂಟದ ಸ್ನಾಯುಗಳೂ ಸೊರಗುತ್ತವೆ. ಬಿಗಿತಕ್ಕೆ ಮಾತ್ರೆ ಇದೆ. ಸೊರಗಿದ ಸ್ನಾಯುವಿಗೆ ವ್ಯಾಯಾಮವೇ ಆಗಬೇಕು. ನಮ್ಮ ಕೊಡಗಿನ ಮಳೆಗಾಲ ಇದಕ್ಕೆ ದೊಡ್ಡ ಅಡ್ಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಪಾಚಿ ಕಟ್ಟಿರುತ್ತದೆ, ತೋಟಕ್ಕೆ ಇಳಿಯುವ ದಾರಿ ಜಾರುತ್ತದೆ. ಬಿದ್ದರೆ ಏನು ಗತಿ ಅಂತ ಮನೆಯವರು ಕೂರಿಸಿಬಿಡುತ್ತಾರೆ. ಮಳೆ ಬಿಡುವ ಹೊತ್ತಿಗೆ ಎಬ್ಬಿಸಲು ಇಬ್ಬರು ಬೇಕಾಗಿರುತ್ತಾರೆ.

ಅದಕ್ಕೇ ಜಗಲಿಯಲ್ಲೇ ಮಾಡುವಂಥದ್ದನ್ನು ಹೇಳಿಕೊಡುತ್ತೇನೆ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಕು. ಅಂಚಿಗೆ ಸರಿದು, ಪಾದವನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬೇಕು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿ, ಒಂದೇ ಸಲಕ್ಕೆ ಏಳಬೇಕು. ಕೂರುವಾಗ ನಿಧಾನ. ಏಳುವಾಗ ಮಾತ್ರ ವೇಗ ಬೇಕು. ಈ ಕಾಯಿಲೆಯಲ್ಲಿ ಬಲ ಕುಗ್ಗುವುದಷ್ಟೇ ಅಲ್ಲ, ಇರುವ ಬಲವನ್ನು ಬೇಗ ಹಾಕುವುದೂ ಕಷ್ಟವಾಗುತ್ತದೆ. ಅಭ್ಯಾಸವಾದ ಮೇಲೆ ಕುರ್ಚಿಯ ದಿಂಬು ತೆಗೆದು ಎತ್ತರ ತಗ್ಗಿಸುತ್ತೇನೆ. ಎದ್ದಾಗ ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಎದ್ದ ಕೂಡಲೇ ಬಿಪಿ ಇಳಿಯುವುದು ಇವರಲ್ಲಿ ಸಾಮಾನ್ಯ, ಡಾಕ್ಟರಿಗೆ ಹೇಳಲೇಬೇಕು.

"ಮಾವನಿಗೆ ಕಷ್ಟ ಆಗುತ್ತೆ, ನಾನೇ ಎತ್ತುತ್ತೇನೆ" ಅನ್ನುವ ಸೊಸೆಯಂದಿರು ಬಹಳ. ಪ್ರೀತಿಯಿಂದಲೇ ಹೇಳುವುದು. ಆದರೆ ಪ್ರತಿ ಸಲ ಎತ್ತಿದರೆ ಆ ಕಾಲಿಗೆ ಕೆಲಸವೇ ಇರುವುದಿಲ್ಲ. ಪಕ್ಕದಲ್ಲಿ ನಿಲ್ಲಿ, ಸ್ವಲ್ಪ ಕಾಯಿರಿ ಅನ್ನುತ್ತೇನೆ.

ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿದಂತೆ ನಿಂತರೆ ಕೈ ಹಿಡಿದು ಎಳೆಯಬೇಡಿ, ಮುಗ್ಗರಿಸುತ್ತಾರೆ. ಅದು ಬಲದ ತೊಂದರೆಯಲ್ಲ. ಒಂದು, ಎರಡು ಅಂತ ಎಣಿಸಿ. ನೆಲಕ್ಕೆ ಬಣ್ಣದ ಟೇಪಿನ ಅಡ್ಡಪಟ್ಟಿ ಅಂಟಿಸಿ ಅದನ್ನು ದಾಟಲು ಹೇಳಿದರೆ ತುಂಬ ಜನರ ಕಾಲು ಮತ್ತೆ ಏಳುತ್ತದೆ.

ವ್ಯಾಯಾಮಕ್ಕೆ ಹೊತ್ತು ಗೊತ್ತುಮಾಡುವಾಗ ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಯ ವೇಳೆ ಕೇಳಿಕೊಳ್ಳುತ್ತೇನೆ. ಅದು ಚೆನ್ನಾಗಿ ಹಿಡಿದಿರುವಾಗ ಮೈ ಹಗುರಾಗಿರುತ್ತದೆ. ಮೊಟ್ಟೆ, ಮಾಂಸದ ಊಟದ ಜೊತೆ ನುಂಗಿದರೆ ಕೆಲವರಿಗೆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೆ ಎಷ್ಟು ಮೊದಲು ತೆಗೆದುಕೊಳ್ಳಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.