ಎಂಟೂಕಾಲಿಗೆ ಜಾರುತ್ತಿದ್ದ ಚಿತ್ರ

ಹಳೆಯ ಟಿವಿ ಸೆಟ್ಟೊಂದನ್ನು ದುರಸ್ತಿ ಮಾಡಿ, 1953ರ ಬಿಬಿಸಿಯ ಒಂದು ದಿನವನ್ನು ಮನೆಯಲ್ಲೇ ಮತ್ತೆ ಬಿತ್ತರಿಸುತ್ತಿದ್ದೇನೆ. ನಿನ್ನೆ ರಾತ್ರಿ ಕ್ವಾಟರ್‌ಮಾಸ್ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯ ಎರಡೂ ಕಂತುಗಳು ಒಂದು ಗೆರೆಯೂ ಅಲುಗಾಡದೆ ಮುಗಿದವು. ಮೂರು ವಾರ ನಿದ್ದೆ ಕೆಡಿಸಿದ ದೋಷ ಕೊನೆಗೂ ಕೈಗೆ ಸಿಕ್ಕಿತು.

1953ರ ಆಸುಪಾಸಿನ ತುಣುಕುಗಳ ದಿನವಿಡೀ ಓಡುವ ಪಟ್ಟಿ ಈಗ ಹೀಗಿದೆ: ಮಧ್ಯಾಹ್ನ ಮಕ್ಕಳ ಗೊಂಬೆಯಾಟಗಳಾದ ‘ಆ್ಯಂಡಿ ಪ್ಯಾಂಡಿ’ ಮತ್ತು ‘ಫ್ಲವರ್ ಪಾಟ್ ಮೆನ್’, ಐದಕ್ಕೆ ‘ಮಫಿನ್ ದ ಮ್ಯೂಲ್’. ಆರರಿಂದ ಏಳರವರೆಗೆ ಪರದೆ ಕತ್ತಲು. ತಾಯಂದಿರು ಮಕ್ಕಳನ್ನು ಮಲಗಿಸಲಿ ಎಂದು ಆ ಒಂದು ಗಂಟೆ ಪ್ರಸಾರವೇ ಇರುತ್ತಿರಲಿಲ್ಲ. 1957ರ ಫೆಬ್ರುವರಿಯವರೆಗೂ ಆ ಪದ್ಧತಿ ನಡೆಯಿತು. ನಮ್ಮ ಮನೆಯಲ್ಲೂ ಆಗ ಸೆಟ್ ಆರಿಸಿ ಊಟಕ್ಕೆ ಕೂರುತ್ತೇವೆ. ಏಳಕ್ಕೆ ರಾಣಿಯ ಪಟ್ಟಾಭಿಷೇಕದ ದೃಶ್ಯಗಳು. ಎಂಟೂಕಾಲಿಗೆ ‘ದ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’. 1953ರ ಜುಲೈ 18ರಂದು ಅದು ಶುರುವಾದದ್ದೂ ಅದೇ ಹೊತ್ತಿಗೆ.

ನಮ್ಮ ಸೆಟ್ ಬುಶ್ ಟಿವಿ22. ಅದರ ಬೇಕಲೈಟ್ (ಹಳೆಯ ಗಟ್ಟಿ ಪ್ಲಾಸ್ಟಿಕ್) ಪೆಟ್ಟಿಗೆಯ ಹೊಳಪು, ಇಂದಿನ ಚಿತ್ರವನ್ನು ಆ ಕಾಲದ 405 ಗೆರೆಗಳಿಗೆ ಬದಲಿಸುವ ಪರಿವರ್ತಕ ಇವೆಲ್ಲ ಮುಗಿದ ಕೆಲಸಗಳು. ಬರ್ಮಿಂಗ್‌ಹ್ಯಾಮ್‌ನಲ್ಲಿ ಇರುವುದರಿಂದ ಮಾಡ್ಯುಲೇಟರನ್ನು (ಚಿತ್ರವನ್ನು ಪ್ರಸಾರದ ಸಂಕೇತವಾಗಿಸಿ ಸೆಟ್ಟಿಗೆ ಕೊಡುವ ಪೆಟ್ಟಿಗೆ) ಇಲ್ಲಿನ ಸಟನ್ ಕೋಲ್ಡ್‌ಫೀಲ್ಡ್ ಪ್ರಸಾರ ಕೇಂದ್ರದ ಹಳೆಯ ನಾಲ್ಕನೇ ಚಾನೆಲ್‌ಗೇ, 61.75 ಮೆಗಾಹರ್ಟ್ಸ್‌ಗೆ, ಕೂರಿಸಿದ್ದೇನೆ. ಹಗಲಿನ ಪಟ್ಟಿ ಒಂದು ದಿನವೂ ಕೈಕೊಡಲಿಲ್ಲ. ಎಂಟೂಕಾಲಾಗುತ್ತಿದ್ದಂತೆ ಮಾತ್ರ ಚಿತ್ರ ಹಿಂಡಿದ ಸೀರೆಯಂತೆ ಓರೆಯಾಗಿ ಹರಿಯುತ್ತಿತ್ತು. ಚಿತ್ರವನ್ನು ಹಿಡಿದು ನಿಲ್ಲಿಸುವ ಹೋಲ್ಡ್ ಗುಂಡಿಯನ್ನು ತುದಿಯವರೆಗೆ ತಿರುಗಿಸಿದರೂ ನಿಲ್ಲುತ್ತಿರಲಿಲ್ಲ.

ಮೊದಲು ಪರಿವರ್ತಕದ ಮೇಲೆ ಅನುಮಾನಪಟ್ಟು ಒಂದು ವಾರ ಕಳೆದೆ. ಒಂದು ಶನಿವಾರ ನೆಂಟರು ಬಂದಿದ್ದರು, ಆರು ಗಂಟೆಗೆ ಸೆಟ್ ಆರಿಸಲಿಲ್ಲ. ಅವತ್ತು ಪಟ್ಟಾಭಿಷೇಕದ ಮೆರವಣಿಗೆಯೇ ಏಳೂ ಹತ್ತಕ್ಕೆ ಜಾರಿತು. ಅಂದರೆ ಗಡಿಯಾರಕ್ಕೂ ದೋಷಕ್ಕೂ ಸಂಬಂಧವಿಲ್ಲ, ಕಾರಣ ಬಿಸಿ. ಇಷ್ಟು ದಿನ ಊಟದ ಒಂದು ಗಂಟೆ ಅದನ್ನು ಮುಂದೂಡುತ್ತಿತ್ತು, ಅಷ್ಟೇ.

ಈ ಸೆಟ್ಟಿನ ಚಾಸಿಯಲ್ಲೇ, ಅಂದರೆ ಒಳಗಿನ ಲೋಹದ ಚೌಕಟ್ಟಿನಲ್ಲೇ, ಮನೆಯ ವಿದ್ಯುತ್ ನೇರವಾಗಿ ಹರಿಯುತ್ತದೆ. ಸೆಟ್ಟನ್ನು ಆ ವಿದ್ಯುತ್ತಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇದ್ದರೂ ಎರಡು ಗಂಟೆ ಕಾಲ ಪ್ರೋಬ್ ಹಿಡಿದು ಒಳಗೆ ಕೈ ಹಾಕಿ ಕೂರುವ ಧೈರ್ಯ ನನಗಿಲ್ಲ. ಆಗ ಹೊಳೆದದ್ದು ಗೆರೆ ಎಳೆಯುವಾಗ ಸೆಟ್ ಹೊರಡಿಸುವ ಸಣ್ಣ ಶಿಳ್ಳೆ! ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 405 ಗೆರೆ, ಒಟ್ಟು 10,125 ಹರ್ಟ್ಸ್. ಅದು ಕಿವಿಗೆ ಕೇಳುವ ಸ್ವರ, ಮೊಬೈಲಿನ ಮೈಕಿಗೂ ಕೇಳುತ್ತದೆ. ಆಂಟೆನಾ ಕಳಚಿ, ಗೆರೆಗಳ ವೇಗ ನಿಗದಿಪಡಿಸುವ ಆಸಿಲೇಟರನ್ನು ಅದರ ಪಾಡಿಗೆ ಬಿಟ್ಟು, ಎರಡಡಿ ದೂರದಲ್ಲಿ ಮೊಬೈಲ್ ಇಟ್ಟೆ. ತಣ್ಣಗಿದ್ದಾಗ 10,080, ಎರಡು ಗಂಟೆಯ ಬಳಿಕ 9,700. ಅಷ್ಟು ಕೆಳಗಿಳಿದ ಆಸಿಲೇಟರನ್ನು ಚಿತ್ರದ ಜೊತೆ ಬರುವ ಹೊಂದಾಣಿಕೆಯ ಸಂಕೇತ (ಸಿಂಕ್) ಎಳೆದು ಹಿಡಿಯುವುದಾದರೂ ಹೇಗೆ?

ಆಮೇಲೆ ಕೂದಲು ಒಣಗಿಸುವ ಯಂತ್ರದಿಂದ ಒಂದೊಂದೇ ಮೂಲೆಗೆ ಬಿಸಿಗಾಳಿ ಬಿಟ್ಟೆ. ಆಸಿಲೇಟರಿನ ಪಕ್ಕದ ಒಂದು ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಭಾಗ) ಬಿಸಿಯಾದೊಡನೆ ಶಿಳ್ಳೆ ಇಳಿಯಿತು. ಮೇಣ ಹಚ್ಚಿದ ಹಳೆಯ ಕೆಪಾಸಿಟರ್‌ಗಳನ್ನೆಲ್ಲ ಕಿತ್ತು ನಾನೇ ಹಾಕಿದ್ದ ಹೊಸದು ಅದು! ಮಲ್ಟಿಮೀಟರ್ ಅದಕ್ಕೆ ಪೂರ್ಣ ಅಂಕ ಕೊಟ್ಟಿತ್ತು. 500 ವೋಲ್ಟ್ ಇನ್ಸುಲೇಶನ್ ಟೆಸ್ಟರಿಗೆ ಹಚ್ಚಿ ಬಿಸಿ ಮಾಡಿದಾಗ ಬಣ್ಣ ಬಯಲಾಯಿತು: ವಿದ್ಯುತ್ ಸೋರಿಕೆ. ಸೀಳಿ ನೋಡಿದರೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಹಳೆಯ ಕಾಗದದ ಸುರುಳಿ. ಕಾಗದದ ಬದಲು ಪ್ಲಾಸ್ಟಿಕ್ ಫಿಲ್ಮ್ ಇರುವ ಕೆಪಾಸಿಟರ್ ಎಂದು ಹಣ ಪಡೆದ ಮಾರಾಟಗಾರ ಹತ್ತರಲ್ಲಿ ನಾಲ್ಕನ್ನು ಹೀಗೆ ಕಳಿಸಿದ್ದ. ನನ್ನ ಮೂರು ಪತ್ರಗಳಿಗೂ ಉತ್ತರವಿಲ್ಲ. ನೂರಾರು ವೋಲ್ಟಿನ ಕೆಲಸಕ್ಕೆ ಸುಳ್ಳು ಹಣೆಪಟ್ಟಿಯ ಭಾಗ ಮಾರುವುದು ಜೀವದ ಜೊತೆಗಿನ ಆಟ. ನೀವು ಕೊಂಡದ್ದನ್ನೂ ಒಮ್ಮೆ ಬಿಸಿ ಮಾಡಿ ಪರೀಕ್ಷಿಸಿ.

ಇದರ ನಡುವೆಯೇ ಮುಂದಿನ ಯೋಜನೆ ತಲೆಯಲ್ಲಿ ಕುಳಿತಿದೆ: 1967ರ ಬಿಬಿಸಿ2, 625 ಗೆರೆ, ಬಣ್ಣ. ಆ ಜುಲೈ 1ರ ವಿಂಬಲ್ಡನ್, ಮರುದಿನ ಮೊದಲ ಸಲ ಕಾಣಿಸಿದ ಟೆಸ್ಟ್ ಕಾರ್ಡ್ ಎಫ್ (ಸೆಟ್ ಸರಿಹೊಂದಿಸಲು ತೋರಿಸುತ್ತಿದ್ದ ಸ್ಥಿರ ಚಿತ್ರ), ಹಗಲಿಗೆ ಬಣ್ಣದ ಪರೀಕ್ಷಾ ಚಿತ್ರಗಳು. ಆ ಕಾಲದ ಬಣ್ಣದ ಸೆಟ್ ಎಲ್ಲಾದರೂ ಕಂಡರೆ ತಿಳಿಸಿ, ಹೊತ್ತು ತರಲು ಇಬ್ಬರು ಗೆಳೆಯರು ಸಿದ್ಧರಿದ್ದಾರೆ.

ನಿನ್ನೆ ಎರಡನೇ ಕಂತಿನ ನಡುವೆ ಪರದೆಯ ಮೇಲೆ ಒಂದು ಹುಳ ಬಂದು ಕೂತಿತು. ಮಗಳು ಎದ್ದು ಹೋಗಿ ಗಾಜನ್ನು ಒರೆಸಿದಳು, ಅದು ಕದಲಲಿಲ್ಲ. 1953ರಲ್ಲಿ ನೇರ ಪ್ರಸಾರವನ್ನು ಪರದೆಯಿಂದ ಫಿಲ್ಮಿಗೆ ಇಳಿಸುವಾಗ ಬಂದು ಕೂತ ಹುಳ ಅದು. ಒಂಬತ್ತು ಇಂಚಿನ ನಮ್ಮ ಪರದೆಯ ಮೇಲೆ ಅದರ ನೆರಳು ಸ್ಪಷ್ಟವಾಗಿ ನಿಂತಿತ್ತು.

ಆರು ಕಂತುಗಳಲ್ಲಿ ದಾಖಲಾಗಿ ಉಳಿದದ್ದು ಈ ಎರಡೇ. ಹಾಗಾಗಿ ಮುಂದಿನ ಶನಿವಾರ ಎಂಟೂಕಾಲಿಗೆ, ಕಾರ್ಯಕ್ರಮಗಳ ನಡುವಿನ ಖಾಲಿ ಹೊತ್ತಿಗೆ ಬಿಬಿಸಿ ತೋರಿಸುತ್ತಿದ್ದ ಕುಂಬಾರನ ತಿಗರಿಯ ಆ ಹಳೆಯ ಮಧ್ಯಂತರ ಚಿತ್ರವನ್ನು ಹಾಕುತ್ತೇನೆ.