ಬಿಸಿಲೆ ಘಾಟಿಗೆ ಹೊರಟ ಥಾರ್ ಮತ್ತು ಅದರೊಳಗೆ ಕೂರಿಸಿದ ಹ್ಯಾಮ್ ಸೆಟ್

ಬಟ್ಟೆ ಹೊದಿಕೆಯ ಥಾರ್‌ಗೆ ಮ್ಯಾಗ್ನೆಟ್ ಆಂಟೆನಾ ಕೊಂಡು ತಂದ ಬುದ್ಧಿವಂತ ನಾನು. ಎಸ್‌ಪಿ ರಸ್ತೆಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ, ಗೆದ್ದ ಖುಷಿಯಲ್ಲಿ ಮನೆಗೆ ಬಂದು ಗಾಡಿ ಮುಂದೆ ನಿಂತಾಗಲೇ ಹೊಳೆದದ್ದು: ಇದನ್ನು ಅಂಟಿಸೋದು ಎಲ್ಲಿಗೆ? ಕೊನೆಗೆ ಬಾನೆಟ್ ಮೇಲೆ ಕೂರಿಸಿದೆ. ಕನಕಪುರದ ಕಡೆ ಒಂದು ಭಾನುವಾರ ಪರೀಕ್ಷೆಗೆ ಹೋದಾಗ ಜಾಲಿ ಕೊಂಬೆಯೊಂದು ಅದನ್ನು ನಯವಾಗಿ ಎತ್ತಿ ಪಕ್ಕಕ್ಕಿಟ್ಟಿತು. ಕೇಬಲ್‌ನಲ್ಲಿ ನೇತಾಡಿಕೊಂಡು ಬಾಗಿಲಿಗೆ ಬಡಿಯುವ ಸದ್ದು ಕೇಳುವಷ್ಟರಲ್ಲಿ ಬಾನೆಟ್ ಪೇಂಟ್ ಮೇಲೆ ಉದ್ದದೊಂದು ಗೀರು ಬಿದ್ದಿತ್ತು. ಈಗಲೂ ಇದೆ.

ಹಾಗಾಗಿ ಗಾಡಿಗೆ ಹ್ಯಾಮ್ ರೇಡಿಯೋ (ಪರವಾನಗಿ ಪಡೆದ ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೋ) ಹಾಕಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಸೆಟ್ ಬಗ್ಗೆ ಮೊದಲು ಮಾತಾಡುವುದಿಲ್ಲ. ಆಂಟೆನಾ ಎಲ್ಲಿ ನಿಲ್ಲುತ್ತೆ, ಕರೆಂಟ್ ಎಲ್ಲಿಂದ ಬರುತ್ತೆ, ಇವೆರಡು ತೀರ್ಮಾನ ಆಗಲಿ ಅನ್ನುತ್ತೇನೆ. ಸೆಟ್ ಆಮೇಲೆ.

ಹೋದ ನವೆಂಬರ್‌ನಲ್ಲಿ ನಾವು ಮೂರು ಗಾಡಿ ಹೊರಟಿದ್ದೆವು. ಬೆಂಗಳೂರಿಂದ ಹಾಸನ, ಸಕಲೇಶಪುರ. ಅಲ್ಲಿಂದ ಹೆತ್ತೂರು ಕಡೆಯ ಪರಿಚಯದ ಗೌಡರ ಕಾಫಿ ತೋಟದಲ್ಲಿ ಎರಡು ದಿನ ಕೆಸರಾಟ. ಮೂರನೇ ದಿನ ವಣಗೂರು ದಾಟಿ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ, ಶಿರಾಡಿ ಹತ್ತಿ ವಾಪಸು. ನನ್ನದು ಹಳೆಯ ಸಿಆರ್‌ಡಿಇ (ಡೀಸೆಲ್) ಥಾರ್. ಗೆಳೆಯನದು ಜಿಮ್ನಿ. ಮೂರನೆಯದು ಜಿಪ್ಸಿ, ಅದನ್ನು ಓಡಿಸುವವರು ನಮಗೆ ಈ ಹುಚ್ಚು ಹಿಡಿಸಿದ ನಿವೃತ್ತ ಫಿಸಿಕ್ಸ್ ಮೇಷ್ಟ್ರು.

ಪರವಾನಗಿ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮೂವರಲ್ಲೇ ಮೂರು ಥರದವರಿದ್ದೆವು. ಮೇಷ್ಟ್ರು ಜನರಲ್ ಗ್ರೇಡ್, ಅಂದರೆ ಮೋರ್ಸ್ ಪರೀಕ್ಷೆಯನ್ನೂ ಪಾಸು ಮಾಡಿದವರು, ಅವರ ಕಾಲ್‌ಸೈನ್ (ರೇಡಿಯೋದಲ್ಲಿ ಹೇಳುವ ಗುರುತು) ವಿಯು2ರಿಂದ ಶುರುವಾಗುತ್ತೆ. ನಾನು ರಿಸ್ಟ್ರಿಕ್ಟೆಡ್ ಗ್ರೇಡ್, ವಿಯು3. ವಿಎಚ್‌ಎಫ್‌ನಲ್ಲಿ, ಅಂದರೆ ಗಾಡಿಯಿಂದ ಗಾಡಿಗೆ ಮಾತಾಡಲು ನಾವು ಬಳಸುವ 144 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ನನಗಿರುವ ಮಿತಿ 10 ವಾಟ್. ಜಿಮ್ನಿ ಗೆಳೆಯ ಪರೀಕ್ಷೆ ಪಾಸಾಗಿ ಪರವಾನಗಿಗೆ ಕಾಯುತ್ತಿದ್ದ. ಅರ್ಜಿ, ಪರೀಕ್ಷೆ, ಪೊಲೀಸ್ ವಿಚಾರಣೆ ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯುತ್ತೆ, ಪ್ರವಾಸದ ದಿನಾಂಕ ಗೊತ್ತುಮಾಡಿಕೊಂಡು ಆಮೇಲೆ ಅರ್ಜಿ ಹಾಕಿದರೆ ಆಗದು. ಪರವಾನಗಿ ಕೈಗೆ ಬರುವವರೆಗೆ ಅವನು ಹ್ಯಾಮ್ ಸೆಟ್‌ನ ಮೈಕ್ ಒತ್ತುವ ಹಾಗಿಲ್ಲ. ಆದ್ದರಿಂದ 446.0ರಿಂದ 446.2 ಮೆಗಾಹರ್ಟ್ಸ್‌ನ ಪರವಾನಗಿ ಬೇಡದ ಸಣ್ಣ ಕೈಸೆಟ್ (ವಾಕಿಟಾಕಿ) ಮೂರು ತಂದು ಗಾಡಿಗೊಂದರಂತೆ ಇಟ್ಟುಕೊಂಡೆವು. ನಿಮ್ಮ ಗುಂಪಿನಲ್ಲೂ ಎಲ್ಲರೂ ಹ್ಯಾಮ್ ಆಗಿರುವುದಿಲ್ಲ, ಇದೇ ದಾರಿ ಹಿಡಿಯಿರಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ವಾಕಿಟಾಕಿಗಳಲ್ಲಿ ಬಹಳಷ್ಟು ಈ ಮಿತಿಯೊಳಗಿನವಲ್ಲ, ಡಬ್ಬಿ ಮೇಲಿನ ಫ್ರೀಕ್ವೆನ್ಸಿ ಓದಿ ಕೊಳ್ಳಿ. ನಿಮ್ಮ ಪರವಾನಗಿಯಲ್ಲಿ ಸ್ಟೇಷನ್ ಜಾಗದ ಬಗ್ಗೆ, ವಾಹನದಲ್ಲಿ ಬಳಸುವ ಬಗ್ಗೆ ಏನಿದೆ ಅನ್ನುವುದನ್ನೂ ಓದಿಕೊಂಡು, ಒಂದು ಜೆರಾಕ್ಸ್ ಡ್ಯಾಶ್‌ಬೋರ್ಡ್‌ನಲ್ಲಿ ಇಡಿ. ಚೆಕ್‌ಪೋಸ್ಟ್‌ನಲ್ಲಿ ಉದ್ದನೆಯ ಆಂಟೆನಾ ಕಂಡರೆ ಪ್ರಶ್ನೆ ಬಂದೇ ಬರುತ್ತೆ.

ಈಗ ಸೆಟ್. ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕ ಯೇಸು ಎಫ್‌ಟಿ-2980. 2 ಮೀಟರ್ ಬ್ಯಾಂಡ್ ಒಂದೇ, ಅಂದರೆ ನಮ್ಮಲ್ಲಿ 144ರಿಂದ 146 ಮೆಗಾಹರ್ಟ್ಸ್. ತಲೆ (ಪರದೆ, ಗುಂಡಿಗಳಿರುವ ಮುಂಭಾಗ) ಬೇರ್ಪಡುವುದಿಲ್ಲ, ತೂಕ ಎರಡು ಕಿಲೋ ಹತ್ತಿರ, ನೋಡೋಕೆ ಇಟ್ಟಿಗೆ. ಆದರೂ ಇದನ್ನೇ ಆರಿಸಿದ್ದಕ್ಕೆ ಎರಡು ಕಾರಣ. ಒಂದು, ಫ್ಯಾನ್ ಇಲ್ಲ. ಬೆನ್ನ ತುಂಬ ಹೀಟ್‌ಸಿಂಕ್. ಧೂಳಿನ ಹಾದಿಯಲ್ಲಿ ಫ್ಯಾನ್ ಇರುವ ಸೆಟ್ ಅಂದರೆ ಒಳಗೊಂದು ಸಣ್ಣ ವ್ಯಾಕ್ಯೂಮ್ ಕ್ಲೀನರ್ ಇದ್ದ ಹಾಗೆ. ಎರಡು, ಪೂರ್ತಿ 80 ವಾಟ್ ಕೊಡುವ ಸೆಟ್ ಆದರೂ 10 ವಾಟ್‌ಗೆ ಇಳಿಸುವ ಹಂತ ಇದೆ. ನನ್ನ ಮಿತಿಯೊಳಗೆ ಇರಬಹುದು, ಸೆಟ್ ಬಿಸಿಯೇ ಆಗುವುದಿಲ್ಲ.

‘ಬರೀ 10 ವಾಟ್‌ಗೆ ಏನಾಗುತ್ತೆ’ ಅನ್ನುವವರಿಗೆ ಒಂದು ಲೆಕ್ಕ. 10ರಿಂದ 50 ವಾಟ್‌ಗೆ ಹೋದರೆ ಸಿಗುವ ಲಾಭ 7 ಡೆಸಿಬಲ್ (ಸಿಗ್ನಲ್ ಬಲದ ಅಳತೆ). ಕೈಸೆಟ್‌ನ ರಬ್ಬರ್ ಆಂಟೆನಾ ಗಾಡಿಯೊಳಗೆ ಹಿಡಿದು ಮಾತಾಡುವುದಕ್ಕೂ, ಅದೇ ಸೆಟ್ಟಿಗೆ ಹೊರಗಿನ ಆಂಟೆನಾ ಸಿಕ್ಕಿಸುವುದಕ್ಕೂ ಇರುವ ಅಂತರ ಇದಕ್ಕಿಂತ ಹೆಚ್ಚೇ ಇರುತ್ತೆ. ಅದೂ ಮಾತು ಕಳಿಸುವಾಗ, ಕೇಳುವಾಗ ಎರಡೂ ಕಡೆ. ಬಜೆಟ್ ಕಡಿಮೆ ಇದ್ದರೆ 5 ವಾಟ್‌ನ ಕೈಸೆಟ್ ಇಟ್ಟುಕೊಂಡು ಒಳ್ಳೆಯ ಆಂಟೆನಾ, ಒಳ್ಳೆಯ ಕೇಬಲ್ ಹಾಕಿಸಿ. ಪ್ರವಾಸಕ್ಕೆ ಅದೇ ಸಾಕು.

ಆಂಟೆನಾಗೆ ಕೆಳಗಡೆ ಲೋಹ ಬೇಕು, ಅದರ ನೆರಳು ಬೀಳುವ ನೆಲ ಅಂದುಕೊಳ್ಳಿ. ಉಕ್ಕಿನ ಮಾಡಿನ ನಟ್ಟನಡುವೆ ನಿಂತರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಾರ್ಡ್‌ಟಾಪ್ ಅಂದಮಾತ್ರಕ್ಕೆ ಉಕ್ಕು ಅಂತಲ್ಲ, ಫೈಬರ್ ಮಾಡುಗಳೂ ಇವೆ. ಫ್ರಿಜ್ ಬಾಗಿಲಿಗೆ ಅಂಟಿಸುವ ಗೊಂಬೆಯೊಂದನ್ನು ತಂದು ಮಾಡಿಗೆ ಅಂಟಿಸಿ ನೋಡಿ, ನನ್ನ ಹಾಗೆ ಆಂಟೆನಾ ಕೊಂಡ ಮೇಲೆ ಅಲ್ಲ. ನನಗೆ ಮಾಡೇ ಇಲ್ಲವಾದ್ದರಿಂದ ಬಾನೆಟ್ ಪಕ್ಕ, ಮುಂದಿನ ಮಡ್‌ಗಾರ್ಡ್‌ನ ಬೋಲ್ಟ್‌ಗೇ ಸ್ಟೇನ್‌ಲೆಸ್ ಸ್ಟೀಲಿನ ಎಲ್-ಪಟ್ಟಿ ಹಾಕಿಸಿದೆ. ಜೆಸಿ ರಸ್ತೆಯಲ್ಲಿ ಪಟ್ಟಿ ಸಿದ್ಧವಾಗೇ ಸಿಕ್ಕಿತು, ತೂತು ಮಾತ್ರ ಕೊರೆಸಬೇಕಾಯಿತು. ಪಟ್ಟಿ ಕೂರುವ ಕಡೆ ಪೇಂಟ್ ಕೆರೆದು ಬರಿಯ ಲೋಹ ಕಾಣಿಸಬೇಕು. ನೋವಾಗುತ್ತೆ, ಆದರೂ ಕೆರೆಯಿರಿ. ಪೇಂಟ್ ಉಳಿದರೆ ಆಂಟೆನಾಗೆ ನೆಲವೇ ಇಲ್ಲ. ಕೂರಿಸಿದ ಮೇಲೆ ತುಕ್ಕು ಹಿಡಿಯದಂತೆ ಸುತ್ತಲೂ ಗ್ರೀಸ್ ಬಳಿಯಿರಿ.

ನಾನು ಹಾಕಿದ್ದು ಕಾಲು ತರಂಗದ (ಸಿಗ್ನಲ್‌ನ ಒಂದು ತರಂಗದ ಉದ್ದದ ಕಾಲು ಭಾಗದ) ಸರಳ ಕಡ್ಡಿ, 49 ಸೆಂಟಿಮೀಟರ್ ಆಸುಪಾಸು. ಇದಕ್ಕಿಂತ ಎರಡೂವರೆ ಪಟ್ಟು ಉದ್ದದ, ‘ಗೇನ್’ ಜಾಸ್ತಿ ಅನ್ನುವ ಕಡ್ಡಿಗಳಿವೆ. ಬಯಲುಸೀಮೆಯ ಹೆದ್ದಾರಿಗೆ ಅವು ಚೆನ್ನ. ತೋಟದೊಳಗೆ ಸಿಲ್ವರ್ ಓಕ್ ಕೊಂಬೆಗೆ ಸಿಕ್ಕಿ ಬಾಗುತ್ತವೆ, ಮೇಲಾಗಿ ಅವುಗಳ ಸಿಗ್ನಲ್ ದಿಗಂತದ ಕಡೆಗೆ ಚಪ್ಪಟೆಯಾಗಿ ಹೋಗುತ್ತೆ. ನಮ್ಮ ಗೆಳೆಯರು ನಿಂತಿರುವುದು ಮೇಲಿನ ದಿಣ್ಣೆಯ ಮೇಲೋ ಕೆಳಗಿನ ಹಳ್ಳದಲ್ಲೋ. ಬುಡಕ್ಕೆ ಒಂದು ಸ್ಪ್ರಿಂಗ್ ಇರಲಿ.

ಅಳತೆ ನೋಡದೆ ಮೈಕ್ ಒತ್ತಬೇಡಿ. ಮೇಷ್ಟ್ರ ಹತ್ತಿರ ನ್ಯಾನೊವಿಎನ್‌ಎ ಅನ್ನುವ, ಆಂಟೆನಾ ಅಳೆಯುವ ಅಂಗೈ ಅಗಲದ ಉಪಕರಣ ಇತ್ತು. ಅದು ತೋರಿಸುವ ಎಸ್‌ಡಬ್ಲ್ಯೂಆರ್ ಅಂದರೆ ಆಂಟೆನಾಗೆ ಕಳಿಸಿದ ಶಕ್ತಿ ಎಷ್ಟು ವಾಪಸು ಬರುತ್ತೆ ಅನ್ನುವುದರ ಸೂಚನೆ, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. 146ಕ್ಕಿಂತ 144ರ ಕಡೆ ಎಸ್‌ಡಬ್ಲ್ಯೂಆರ್ ಕಡಿಮೆ ತೋರಿಸಿದರೆ ಕಡ್ಡಿ ಉದ್ದವಾಗಿದೆ ಅಂತ. ಒಂದೊಂದೇ ಮಿಲಿಮೀಟರ್ ಕತ್ತರಿಸಿ. ಒಂದು ಮಿಲಿಮೀಟರಿಗೆ ಕಡ್ಡಿ ಹೊಂದುವ ಫ್ರೀಕ್ವೆನ್ಸಿ ಸುಮಾರು 0.3 ಮೆಗಾಹರ್ಟ್ಸ್ ಮೇಲೆ ಸರಿಯುತ್ತೆ. ‘ಕತ್ತರಿಸಿದ್ದನ್ನ ಅಂಟಿಸೋಕಾಗಲ್ಲಪ್ಪಾ’ ಅಂತ ಮೇಷ್ಟ್ರು ಹಿಂದೆ ನಿಂತು ಹತ್ತು ಸಲ ಹೇಳಿದರು. 1.4ಕ್ಕೆ ಬಂದಾಗ ಕಟಿಂಗ್ ಪ್ಲೇಯರ್ ಕಿತ್ತುಕೊಂಡರು. 1.5ರೊಳಗೆ ಬಂದರೆ ಸಾಕು, 2 ಆದರೂ ನಡೆಯುತ್ತೆ, 3 ಆದರೆ ನಿಲ್ಲಿಸಿ. ಬಾನೆಟ್ ಮುಚ್ಚಿಯೇ ಅಳೆಯಿರಿ.

ಕರೆಂಟ್ ವಿಷಯಕ್ಕೆ ಬಂದರೆ, ಸಿಗರೇಟ್ ಲೈಟರ್ ಸಾಕೆಟ್ ಬೇಡ. 10 ವಾಟ್‌ಗೆ ಅದು ತಡೆದುಕೊಳ್ಳುತ್ತೆ ನಿಜ, ಆದರೆ ಗುಂಡಿಗೊಂದು ಸಲ ಪ್ಲಗ್ ಅಲ್ಲಾಡಿ ಸೆಟ್ ಆರಿ ಹತ್ತುತ್ತೆ. ಬ್ಯಾಟರಿಯಿಂದ ನೇರ ತಂತಿ ಎಳೆಯಿರಿ. ಪ್ಲಸ್ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಇರುವುದು ಸೆಟ್ ಉಳಿಸಲಿಕ್ಕೆ ಮಾತ್ರವಲ್ಲ. ತಂತಿ ಎಲ್ಲಾದರೂ ಉಜ್ಜಿ ಬಾಡಿಯ ಲೋಹಕ್ಕೆ ತಾಗಿದರೆ ಗಾಡಿ ಸುಡದಂತೆ. ಸೆಟ್ ಹತ್ತಿರ ಫ್ಯೂಸ್ ಹಾಕಿ ಬ್ಯಾಟರಿ ಹತ್ತಿರ ಬಿಟ್ಟರೆ ನಡುವಿನ ತಂತಿಗೆ ಕಾವಲಿಲ್ಲ. ಹೊಸ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ತುದಿಗೆ ಸೆನ್ಸರ್ ಕೂತಿದ್ದರೆ ಅದರ ಮೇಲೆ ಏನೂ ಸಿಕ್ಕಿಸಬೇಡಿ. ಬ್ಯಾಟರಿಯ ಅರ್ತ್ ತಂತಿ ಬಾಡಿಯ ಲೋಹಕ್ಕೆ ಸೇರುವ ಬೋಲ್ಟ್‌ಗೆ ಮೈನಸ್ ಕೊಡಿ.

ತಂತಿ ದಪ್ಪ ಇರಲಿ. ಮೇಷ್ಟ್ರ 50 ವಾಟ್ ಸೆಟ್ 12 ಆಂಪಿಯರ್ ಎಳೆಯುತ್ತೆ ಅಂದುಕೊಳ್ಳಿ. ಹೋಗಿಬರುವ ಉದ್ದ 8 ಮೀಟರ್. ಒಂದೂವರೆ ಚದರ ಮಿಲಿಮೀಟರಿನ ತಂತಿಯಲ್ಲಿ ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಖರ್ಚು, 4 ಚದರ ಮಿಲಿಮೀಟರಿನದರಲ್ಲಿ ಅರ್ಧ ವೋಲ್ಟೂ ಇಲ್ಲ. ಇಂಜಿನ್ ಕಡೆಯಿಂದ ಒಳಗೆ ತರುವಾಗ ರಬ್ಬರ್ ಗ್ರೋಮೆಟ್ (ತಂತಿ ಉಜ್ಜದಂತೆ ತೂತಿಗೆ ಹಾಕುವ ಬಳೆ) ಮೂಲಕವೇ ತನ್ನಿ.

ಸೆಟ್ಟನ್ನು ನಾನು ಮೊದಲು ಸೀಟಿನ ಕೆಳಗಿಟ್ಟಿದ್ದೆ. ಗೌಡರ ತೋಟದ ಹಳ್ಳ ನೆನಪಾಗಿ ಹೊರಡುವ ಹಿಂದಿನ ರಾತ್ರಿ ಬಿಚ್ಚಿ ಡ್ಯಾಶ್‌ಬೋರ್ಡ್ ಕೆಳಗೆ ನೇತುಹಾಕಿದೆ. ಆ ಹಳ್ಳದಲ್ಲಿ ಥಾರ್‌ನ ನೆಲದ ಮ್ಯಾಟ್ ತೇಲಿತು, ಸೆಟ್ ಒಣಗಿಯೇ ಇತ್ತು. ಎರಡು ಕಿಲೋ ಇಟ್ಟಿಗೆ ನೇತಾಡಬಾರದು ಅಂತಿದ್ದರೆ ನೈಲಾಕ್ ನಟ್ (ಅಲುಗಾಟಕ್ಕೆ ಸಡಿಲವಾಗದ ನಟ್) ಹಾಕಿ. ಜಿಮ್ನಿಯಂಥ ಗಾಡಿಯಲ್ಲಿ ಆರು ಏರ್‌ಬ್ಯಾಗ್ ಇವೆ, ಅವು ಬಿಚ್ಚಿಕೊಳ್ಳುವ ಕಡೆ ಸೆಟ್ಟೂ ಬೇಡ, ತಂತಿಯೂ ಬೇಡ. ಮೈಕ್ ಪಕ್ಕದಲ್ಲಿ ಕೂತವರ ಕೈಗೆ ಸಿಗುವ ಹಾಗಿರಲಿ. ಓಡಿಸುತ್ತಾ ಕೈಯಲ್ಲಿ ಹಿಡಿದು ಮಾತಾಡುವುದು ಕಾನೂನಿಗೂ ವಿರುದ್ಧ, ಆ ಘಾಟಿಗೂ ಒಗ್ಗುವುದಿಲ್ಲ.

ಸಕಲೇಶಪುರದವರೆಗೆ ಹೇಳುವಂಥದ್ದೇನಿಲ್ಲ. ಹೆದ್ದಾರಿ, ಚನ್ನರಾಯಪಟ್ಟಣದಲ್ಲಿ ಇಡ್ಲಿ, ಮೇಷ್ಟ್ರ ಜೊತೆ ಹರಟೆ. ಬಯಲಿನಲ್ಲಿ ಏಳೆಂಟು ಕಿಲೋಮೀಟರ್ ಹಿಂದೆ ಬಿದ್ದರೂ ಸ್ಪಷ್ಟ. ಹೆತ್ತೂರು ದಾಟಿ ತೋಟದೊಳಗೆ ಹೊಕ್ಕ ಮೇಲೆ ಅಸಲಿ ಪರೀಕ್ಷೆ. ಜಿಮ್ನಿಯ 446 ಕೈಸೆಟ್ ನಾಲ್ಕುನೂರು ಮೀಟರಿಗೇ ಗೊರಗೊರ ಅನ್ನತೊಡಗಿತು. ನಾನೂ ಮೇಷ್ಟ್ರೂ ಎರಡು ದಿಣ್ಣೆ ಆಚೀಚೆ, ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ, 10 ವಾಟ್‌ನಲ್ಲಿ ಆರಾಮಾಗಿ ಮಾತಾಡಿಕೊಂಡೆವು. ಒದ್ದೆ ಎಲೆಗಳು ಯುಎಚ್‌ಎಫ್ ಅನ್ನು (446 ಆ ಗುಂಪಿನದು) ವಿಎಚ್‌ಎಫ್‌ಗಿಂತ ಜಾಸ್ತಿ ನುಂಗುತ್ತವೆ. ಮಲೆನಾಡಿಗಾದರೆ 2 ಮೀಟರ್ ಬ್ಯಾಂಡೇ ಸರಿ. ಜಿಮ್ನಿಯನ್ನು ನಡುವೆ ಇಟ್ಟುಕೊಂಡೆವು. ಮುಂದಿನವರು ಹೇಳಿದ್ದನ್ನು ನಾನು 446ರಲ್ಲಿ ಅವನಿಗೆ ಹೇಳುತ್ತಿದ್ದೆ.

ಮೊದಲ ಸಂಜೆಯೇ ಸೆಟ್ ಕಿವುಡಾಯಿತು. ಮಂಜು ಇಳಿದಿತ್ತು, ಫಾಗ್ ಲ್ಯಾಂಪ್ ಹಾಕಿದ್ದೆ. ಮೇಷ್ಟ್ರು ಇನ್ನೂರು ಮೀಟರ್ ಮುಂದಿದ್ದರೂ ಮಾತು ತುಂಡುತುಂಡು. ಆಂಟೆನಾ ಹೋಯಿತು ಅಂದುಕೊಂಡು ಕೆಳಗಿಳಿದು ನೋಡಿದರೆ ಕಡ್ಡಿ ನೆಟ್ಟಗೆ ನಿಂತಿದೆ, ಕಾಲಿಗೆ ಇಂಬಳ ಹತ್ತಿದ್ದೇ ಲಾಭ. ಮೇಷ್ಟ್ರು ಹಿಂದಕ್ಕೆ ನಡೆದು ಬಂದರು. ‘ಸ್ಕ್ವೆಲ್ಚ್ ಪೂರ್ತಿ ತೆಗಿ. ಈಗ ಗಾಡೀಲಿರೋದನ್ನ ಒಂದೊಂದೇ ಆರಿಸ್ತಾ ಬಾ.’ ಸ್ಕ್ವೆಲ್ಚ್ ಅಂದರೆ ಸಿಗ್ನಲ್ ಇಲ್ಲದಾಗ ಗೊರಗೊರ ಸದ್ದನ್ನು ಮುಚ್ಚಿಡುವ ವ್ಯವಸ್ಥೆ. ಎಲ್‌ಇಡಿ ಲ್ಯಾಂಪ್ ಆರಿಸಿದಾಗ ಸೆಟ್ಟಿನ ಸಿಗ್ನಲ್ ಮೀಟರಿನ ಗೆರೆಗಳು ಸ್ವಲ್ಪ ಇಳಿದವು. ಡ್ಯಾಶ್‌ಕ್ಯಾಮ್‌ಗೆ ಸಿಕ್ಕಿಸಿದ್ದ ನೂರೈವತ್ತು ರೂಪಾಯಿಯ ಯುಎಸ್‌ಬಿ ಚಾರ್ಜರ್ ಕಿತ್ತಾಗ ಮೀಟರ್ ಸೊನ್ನೆಗೆ ಬಂತು! ಅಗ್ಗದ ಚಾರ್ಜರ್, ಎಲ್‌ಇಡಿ ಡ್ರೈವರ್ ಇವೆಲ್ಲ ಒಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುವ ಯಂತ್ರಗಳು. ಆ ಗದ್ದಲ ತಂತಿಗಳ ಮೂಲಕ ಹೊರಗೆ ಬಂದು ನೇರ ಆಂಟೆನಾಗೆ ತಾಗುತ್ತೆ. ಸಾವಿರಾರು ರೂಪಾಯಿ ಸೆಟ್ಟಿಗೆ ನೂರೈವತ್ತರ ಚಾರ್ಜರ್ ಬಾಯಿ ಮುಚ್ಚಿಸಿತ್ತು. ಮನೆಯಲ್ಲೇ, ಇಂಜಿನ್ ಆನ್ ಮಾಡಿ, ವೈಪರ್‌ನಿಂದ ಹಿಡಿದು ಮೊಬೈಲ್ ಚಾರ್ಜರ್ ತನಕ ಹೀಗೆ ಒಂದೊಂದೇ ಹಾಕಿ ನೋಡಿ. ಲ್ಯಾಂಪಿನ ತಂತಿಗೆ ಫೆರೈಟ್ ಕ್ಲಿಪ್ (ಈ ಗದ್ದಲ ತಡೆಯುವ ಸಣ್ಣ ಹಿಡಿಕೆ) ಹಾಕಿದ ಮೇಲೆ ನನ್ನದು ಸುಮಾರಾಗಿ ಸುಮ್ಮನಾಗಿದೆ. ಪೆಟ್ರೋಲ್ ಗಾಡಿಯವರಿಗೆ ಇದರ ಮೇಲೆ ಸ್ಪಾರ್ಕ್ ಪ್ಲಗ್ಗಿನ ಟಿಕ್‌ಟಿಕ್ ಬೇರೆ.

ಎರಡನೇ ದಿನ ಬೆಳಿಗ್ಗೆ ಮುಂದಿದ್ದ ಜಿಪ್ಸಿಯಿಂದ ತಣ್ಣಗೆ ದನಿ ಬಂತು: ‘ಎಲ್ಲಿದೀರೋ ಅಲ್ಲೇ ನಿಲ್ಲಿ. ಲದ್ದಿ ಬಿಸಿಯಾಗಿದೆ.’ ಆ ಸೀಮೆಯಲ್ಲಿ ಆನೆ ಸಾಮಾನ್ಯ. ಹಾರ್ನ್ ಮಾಡದೆ, ಕೂಗದೆ ಮೂರು ಗಾಡಿಯೂ ಇಪ್ಪತ್ತು ನಿಮಿಷ ನಿಂತೆವು. ಇಷ್ಟು ದಿನದ ತಂತಿ, ತೂತು, ಕೆರೆತ ಎಲ್ಲದರ ಬೆಲೆ ನನಗೆ ಆ ಇಪ್ಪತ್ತು ನಿಮಿಷದಲ್ಲಿ ವಸೂಲಾಯಿತು.

ಅದೇ ದಿನ ಹತ್ತು ಗಂಟೆ ಸುಮಾರಿಗೆ ಮೇಷ್ಟ್ರು ತಮ್ಮ ಎಚ್‌ಎಫ್ ಸೆಟ್ (ಇನ್ನೂ ಕಡಿಮೆ ಫ್ರೀಕ್ವೆನ್ಸಿಯದು, ದೂರದೂರಿಗೆ ಮಾತಾಡಲು) ತೆಗೆದರು. ಓಡುವ ಗಾಡಿಗೆ ಎಚ್‌ಎಫ್ ಆಂಟೆನಾ ಅಂದರೆ ಚಿಕ್ಕದಾಗಲೇಬೇಕು, ಚಿಕ್ಕದಾದರೆ ಸಿಗ್ನಲ್ ಬಡವಾಗಲೇಬೇಕು. ಅವರ ಉಪಾಯ ಬೇರೆ: ನಿಂತ ಕಡೆ 20 ಮೀಟರ್ ಉದ್ದದ ತಂತಿಯ ಡೈಪೋಲನ್ನು (ನಡುವೆ ಕೇಬಲ್ ಸೇರುವ ಎರಡು ತೋಳಿನ ಆಂಟೆನಾ) ಎರಡು ಸಿಲ್ವರ್ ಓಕ್ ನಡುವೆ ಬರೀ ನಾಲ್ಕು ಮೀಟರ್ ಎತ್ತರಕ್ಕೆ ಕಟ್ಟುವುದು. ಅಷ್ಟು ತಗ್ಗಿನಲ್ಲಿದ್ದರೆ 7 ಮೆಗಾಹರ್ಟ್ಸ್ ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ, ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ, ಕೊಡೆ ಬಿಚ್ಚಿದ ಹಾಗೆ ಸುತ್ತಲಿನ ಕೆಲವು ನೂರು ಕಿಲೋಮೀಟರಿಗೆ ಇಳಿಯುತ್ತೆ. ನಡುವೆ ಬೆಟ್ಟ ಇದ್ದರೂ ಲೆಕ್ಕಕ್ಕಿಲ್ಲ. ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲದ ಆ ಕಣಿವೆಯಿಂದ ಮೈಸೂರಿನ ಹ್ಯಾಮ್ ಒಬ್ಬರು ಪಕ್ಕದ ಮನೆಯಿಂದ ಮಾತಾಡಿದ ಹಾಗೆ ಸಿಕ್ಕಿದರು. ಗೌಡರು ಕಾಫಿ ಲೋಟ ಹಿಡಿದೇ ನಿಂತು ಕೇಳಿದರು. ‘ಇದ್ರಲ್ಲಿ ಕಾಫಿ ರೇಟ್ ಕೇಳ್ಬೋದಾ ಸಾರ್?’ ವ್ಯಾಪಾರದ ಮಾತು ಆಡುವ ಹಾಗಿಲ್ಲ ಅಂದಾಗ ಅವರ ಆಸಕ್ತಿ ಅರ್ಧ ಇಳಿಯಿತು.

ಬಿಸಿಲೆ ಘಾಟಿಯನ್ನು ಬೆಳಕಿರುವಾಗಲೇ ಇಳಿಯಿರಿ. ತಿರುವುಗಳಲ್ಲಿ ಬೆಟ್ಟ ಅಡ್ಡ ಬಂದು ವಿಎಚ್‌ಎಫ್ ಕೂಡ ಒಂದು ಕಿಲೋಮೀಟರಿಗೆ ಕೈಕೊಡುತ್ತೆ. ಮುಂದಿನ ಗಾಡಿಯವರು ತಿರುವಿಗೆ ಮೊದಲೇ ಎದುರಿನ ಬಸ್ಸಿನ ಸುದ್ದಿ ಹೇಳಬೇಕು, ದಾಟಿದ ಮೇಲೆ ಅಲ್ಲ. ವ್ಯೂ ಪಾಯಿಂಟ್‌ನಲ್ಲಿ ನಿಂತರೆ ಸಿಗ್ನಲ್ ತಾನಾಗೇ ಬಿಚ್ಚಿಕೊಳ್ಳುತ್ತೆ.

ವಾಪಸು ಬಂದು ಎರಡು ವಾರಕ್ಕೆ ಎಸ್‌ಡಬ್ಲ್ಯೂಆರ್ ಏರತೊಡಗಿತು. ಕಾರಣ, ಆಂಟೆನಾ ಬುಡದ ಪ್ಲಗ್‌ನಲ್ಲಿ ನೀರು. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತುವ ಬದಲು ಸಾದಾ ಇನ್ಸುಲೇಷನ್ ಟೇಪ್ ಸುತ್ತಿದ್ದೆ. ಆಂಟೆನಾದಿಂದ ಸೆಟ್ಟಿಗೆ ಬರುವ ಆರ್‌ಜಿ-58 ಕೇಬಲ್ ಪೂರ್ತಿ ಬದಲಿಸಬೇಕಾಯಿತು, ಒಳಗಿನ ಹೆಣಿಗೆ ಕಪ್ಪಾಗಿತ್ತು.

ಜನವರಿಯಲ್ಲಿ ಜಿಮ್ನಿ ಗೆಳೆಯನ ಪರವಾನಗಿ ಬಂತು. ಅವನ ಮಾಡು ಉಕ್ಕಿನದು, ಫ್ರಿಜ್ ಗೊಂಬೆ ಗಟ್ಟಿಯಾಗಿ ಅಂಟಿತು. ನನ್ನ ಆ ಮ್ಯಾಗ್ನೆಟ್ ಆಂಟೆನಾ ಈಗ ಅವನ ಗಾಡಿ ಮೇಲಿದೆ. ತೋಟದ ಗೇಟಿನಲ್ಲೇ ಕಿತ್ತು ಒಳಗಿಡು ಅಂತ ಹೇಳಿಯೇ ಕೊಟ್ಟಿದ್ದೇನೆ.